ಹಳೆಯ ಕಂಪೈಲರ್, ಹೊಸ ಮೆಷಿನ್, ನಡುವೆ ಕಾಣೆಯಾದ ಲೈಬ್ರರಿ

ಫೋಲ್ಡರ್ ಕಾಪಿ ಮಾಡಿದರೆ ಕೆಲಸ ಮುಗೀತು ಅಂದುಕೊಂಡಿದ್ದೆ. ಹಳೆಯ ಲ್ಯಾಪ್‌ಟಾಪ್‌ನಲ್ಲಿ /ಆಪ್ಟ್/ಆರ್ಮ್‌ಟೂಲ್ಸ್ ಅಂತ ಒಂದು ಫೋಲ್ಡರ್ ಇತ್ತು. 2017ರ ಶುರುವಿನಲ್ಲಿ ನಾನೇ ಸೋರ್ಸ್‌ನಿಂದ ಬಿಲ್ಡ್ ಮಾಡಿಟ್ಟ ಜಿಸಿಸಿ 6.3 ಕಂಪೈಲರ್ ಅದರೊಳಗಿತ್ತು. ಆರ್ಮ್ ಮೈಕ್ರೋಕಂಟ್ರೋಲರ್ ಒಂದಕ್ಕೆ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಓಡುವ ಪ್ರೋಗ್ರಾಮ್, ತಯಾರಿಸುವ ಕ್ರಾಸ್ ಕಂಪೈಲರ್ ಅದು: ತಾನು ಓಡುವುದು ಪಿಸಿಯಲ್ಲಿ, ಕೋಡ್ ಬರೆಯುವುದು ಬೇರೆ ಚಿಪ್ಪಿಗೆ. ಲ್ಯಾಪ್‌ಟಾಪ್‌ನ ಡಿಸ್ಕ್ ಈಚೆಗೆ ಕಟಕಟ ಅನ್ನಲು ಶುರು ಮಾಡಿತ್ತು. ಅದು ಪೂರ್ತಿ ಕೈಕೊಡುವ ಮೊದಲು ಫೋಲ್ಡರನ್ನು ಹೊಸ ಲಿನಕ್ಸ್ ಮೆಷಿನ್‌ಗೆ ಸಾಗಿಸಬೇಕಿತ್ತು.

ಹೊಸ ಕಂಪೈಲರ್ ಹಾಕಿಕೊಳ್ಳಬಹುದಿತ್ತಲ್ವಾ ಅಂತ ಕೇಳಬಹುದು. ಆ ಫರ್ಮ್‌ವೇರಿನಲ್ಲಿ ನಾನು ಬದಲಿಸಬೇಕಿದ್ದದ್ದು ಒಂದೇ ಒಂದು ಸಾಲು. ಕಂಪೈಲರ್ ಬದಲಾದರೆ ಹೊರಬರುವ ಮೆಷಿನ್ ಕೋಡ್ ಪೂರ್ತಿ ಬದಲಾಗುತ್ತದೆ. ಆಗ ಟೈಮಿಂಗ್‌ನಿಂದ ಹಿಡಿದು ಎಲ್ಲವನ್ನೂ ಮತ್ತೆ ಟೆಸ್ಟ್ ಮಾಡಬೇಕು. ಒಂದು ಸಾಲಿಗೆ ಅಷ್ಟು ದೊಡ್ಡ ದಂಡ ಕಟ್ಟಲು ಮನಸ್ಸಿರಲಿಲ್ಲ. ಹಾಗಾಗಿ ಅದೇ ಕಂಪೈಲರ್, ಅದೇ ಬೈನರಿ, ಹೊಸ ಮೆಷಿನ್ ಮೇಲೆ ಓಡಬೇಕು ಅಂತ ಹಠ ಹಿಡಿದೆ.

ಮೊದಲ ಸಂಜೆ

ಕಾಪಿ ಆಯ್ತು. ಶೆಲ್ ಕಮಾಂಡ್‌ಗಳನ್ನು ಹುಡುಕುವ ಪಾತ್‌ಗೆ ಸೇರಿಸಿದೆ. ಆರ್ಮ್-ನನ್-ಇಎಬಿಐ-ಜಿಸಿಸಿ ಅಂತ ಬರೆದು ವರ್ಷನ್ ಕೇಳಿದೆ. 6.3.0 ಅಂತ ಚೆನ್ನಾಗಿ ಉತ್ತರ ಬಂತು. ಪ್ರೋಗ್ರಾಮಿಗೆ ಬೇಕಾದ ಶೇರ್ಡ್ ಲೈಬ್ರರಿಗಳು (ಹಲವು ಪ್ರೋಗ್ರಾಮ್‌ಗಳು ಓಡುವಾಗ ಹಂಚಿಕೊಳ್ಳುವ ಕೋಡ್ ಫೈಲ್‌ಗಳು) ಸಿಗುತ್ತವಾ ಅಂತ ತೋರಿಸುವ ಎಲ್‌ಡಿಡಿ ಹಾಕಿ ನೋಡಿದೆ, ಎಲ್ಲ ಸಿಕ್ಕಿವೆ. ಖುಷಿಯಿಂದ, ಇಡೀ ಪ್ರಾಜೆಕ್ಟ್ ಬಿಲ್ಡ್ ಮಾಡುವ ಮೇಕ್ ಕಮಾಂಡ್ ಕೊಟ್ಟೆ. ಮೊದಲ ಫೈಲಿಗೇ ಬಿತ್ತು:

ಸಿಸಿ1: ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಎಂಪಿಎಫ್‌ಆರ್.ಎಸ್‌ಒ.4: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್

ಎಲ್‌ಡಿಡಿ ಈಗಷ್ಟೇ ಎಲ್ಲ ಸರಿ ಇದೆ ಅಂದಿತ್ತು. ಸುಳ್ಳು ಹೇಳಿತಾ? ಇಲ್ಲ. ನಾನು ಕೇಳಿದ್ದೇ ತಪ್ಪು ಪ್ರೋಗ್ರಾಮನ್ನು. ನಾವು ಜಿಸಿಸಿ ಅಂತ ಕರೆಯುವುದು ಬರೀ ಮೇಸ್ತ್ರಿ. ಅದು ತಾನಾಗಿ ಏನನ್ನೂ ಕಂಪೈಲ್ ಮಾಡುವುದಿಲ್ಲ. ಸಿ ಫೈಲ್ ಬಂದರೆ ಸಿಸಿ1 ಅನ್ನುವ ಬೇರೆ ಪ್ರೋಗ್ರಾಮನ್ನು ಕರೆಯುತ್ತದೆ. ಆಮೇಲೆ ಅಸೆಂಬ್ಲರನ್ನು, ಕೊನೆಗೆ ತುಣುಕುಗಳನ್ನು ಜೋಡಿಸುವ ಲಿಂಕರನ್ನು ಕರೆಯುತ್ತದೆ. ಮೇಸ್ತ್ರಿಯ ಆರೋಗ್ಯ ನೋಡಿ ಕೂಲಿಯವರೂ ಚೆನ್ನಾಗಿದ್ದಾರೆ ಅಂದುಕೊಂಡರೆ ಹೀಗೇ ಆಗುವುದು.

ನಿಜವಾಗಿ ಬೀಳುತ್ತಿರುವುದು ಯಾವುದು ಅಂತ ಎರರಿನ ಮೊದಲ ಪದದಲ್ಲೇ ಬರೆದಿತ್ತು. ನಾನು ಅದನ್ನು ದಾಟಿ ಲೈಬ್ರರಿಯ ಹೆಸರನ್ನಷ್ಟೇ ಓದಿದ್ದೆ. ಸಿಸಿ1 ಎಲ್ಲಿದೆ ಅಂತ ಹುಡುಕುವುದೂ ಬೇಡ, ಜಿಸಿಸಿಯನ್ನೇ ಕೇಳಬಹುದು:

ಎಲ್‌ಡಿಡಿ $(ಆರ್ಮ್-ನನ್-ಇಎಬಿಐ-ಜಿಸಿಸಿ -ಪ್ರಿಂಟ್-ಪ್ರಾಗ್-ನೇಮ್=ಸಿಸಿ1)

ಈ ಸಲ ಉತ್ತರ ನೇರವಾಗಿತ್ತು. ಲಿಬ್‌ಎಂಪಿಸಿ.ಎಸ್‌ಒ.3 ಸಿಕ್ಕಿದೆ. ಲಿಬ್‌ಜಿಎಂಪಿ.ಎಸ್‌ಒ.10 ಸಿಕ್ಕಿದೆ. ಲಿಬ್‌ಎಂಪಿಎಫ್‌ಆರ್.ಎಸ್‌ಒ.4 ಸಿಕ್ಕಿಲ್ಲ.

ಈ ಮೂರೂ ಲೆಕ್ಕದ ಲೈಬ್ರರಿಗಳು. ಜಿಎಂಪಿ ದೊಡ್ಡ ಪೂರ್ಣಾಂಕಗಳಿಗೆ, ಎಂಪಿಎಫ್‌ಆರ್ ದಶಮಾಂಶಗಳಿಗೆ, ಎಂಪಿಸಿ ಕಾಂಪ್ಲೆಕ್ಸ್ ಸಂಖ್ಯೆಗಳಿಗೆ. ಕಂಪೈಲರಿಗೆ ಇವು ಯಾಕೆ? ನೀವು ಕೋಡಿನಲ್ಲಿ ಸೈನ್ 1.0 ಅಂತ ಬರೆದರೆ ಜಿಸಿಸಿ ಅದನ್ನು ಕಂಪೈಲ್ ಮಾಡುವಾಗಲೇ ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು ಕೋಡಿನೊಳಗೆ ಇಟ್ಟುಬಿಡುತ್ತದೆ. ಜಿಎಂಪಿ ಮತ್ತು ಎಂಪಿಎಫ್‌ಆರ್ ಜಿಸಿಸಿ 4.3ರಿಂದ ಕಡ್ಡಾಯ. ಎಂಪಿಸಿ 4.5ರಿಂದ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ಯಾಕೇಜ್ ಮ್ಯಾನೇಜರ್‌ನಿಂದ ಎಂಪಿಎಫ್‌ಆರ್ ಹಾಕಿಸಿದೆ. ಅದು ಆಗಲೇ ಇದೆ ಅಂತು, ವರ್ಷನ್ 4 ಅಂತಲೂ ಹೇಳಿತು. ಕೇಳುತ್ತಿರುವುದೂ 4, ಇರುವುದೂ 4, ಮತ್ತೆ ಗಲಾಟೆ ಏನು? ಫೈಲ್ ಹೆಸರು ನೋಡಿದಾಗ ಗೊತ್ತಾಯಿತು. ಇದ್ದದ್ದು ಲಿಬ್‌ಎಂಪಿಎಫ್‌ಆರ್.ಎಸ್‌ಒ.6.

ಹೆಸರಿನ ಕೊನೆಯಲ್ಲಿರುವ ನಂಬರ್ ಬಿಡುಗಡೆಯ ವರ್ಷನ್ ಅಲ್ಲ. ಅದು ಎಸ್‌ಒನೇಮ್‌ನ, ಅಂದರೆ ಪ್ರೋಗ್ರಾಮ್‌ಗಳು ಲೈಬ್ರರಿಯನ್ನು ಕೇಳುವ ಹೆಸರಿನ, ನಂಬರ್. ಹಳೆಯ ಪ್ರೋಗ್ರಾಮ್‌ಗಳ ಜೊತೆ ಹೊಂದಾಣಿಕೆ ಮುರಿದಾಗ ಮಾತ್ರ ಅದು ಬದಲಾಗುತ್ತದೆ. ಎಂಪಿಎಫ್‌ಆರ್ 3.1 ಸರಣಿಯ ಎಸ್‌ಒನೇಮ್ 4. ಎಂಪಿಎಫ್‌ಆರ್ 4.0 ಬಂದದ್ದು 2017ರ ಡಿಸೆಂಬರಿನಲ್ಲಿ, ಅದರ ಎಸ್‌ಒನೇಮ್ 6. ಅಂದರೆ ನನ್ನ ಕಂಪೈಲರಿಗೆ ಬೇಕಾದದ್ದು ಎಂಪಿಎಫ್‌ಆರ್ 3.1. ಹೊಸ ಸಿಸ್ಟಂಗಳಲ್ಲಿ ಅದು ಸಿಗುವುದೇ ಇಲ್ಲ.

ಆಸೆಗೆ ಬಿದ್ದ ಅಡ್ಡದಾರಿ

ಇಂಥ ಎರರ್ ಬಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಸಿಂಬಾಲಿಕ್ ಲಿಂಕ್ ಕಡೆಗೆ. 6ನೇ ಫೈಲಿಗೆ 4 ಅಂತ ಇನ್ನೊಂದು ಹೆಸರಿಟ್ಟರಾಯಿತು. ನಾನೂ ಮಾಡಿದೆ. ಸಿಸಿ1 ತಕರಾರಿಲ್ಲದೆ ಎದ್ದು ನಿಂತಿತು. ಒಂದು ಸಣ್ಣ ಫೈಲ್ ಕಂಪೈಲ್ ಕೂಡ ಆಯಿತು.

ಅಲ್ಲಿಗೇ ನನಗೆ ಭಯವಾದದ್ದು. ಬಿದ್ದಿದ್ದರೆ ವಾಸಿ ಇತ್ತು. ಲೈಬ್ರರಿಯವರು ನಂಬರ್ ಬದಲಿಸಿರುವುದು ಇವೆರಡೂ ಒಂದೇ ಅಲ್ಲ ಅಂತ ಹೇಳುವುದಕ್ಕೇ. ಅದನ್ನು ಮರೆಮಾಚಿ, ಲೆಕ್ಕ ಹಾಕುವ ಲೈಬ್ರರಿಯನ್ನೇ ಕಂಪೈಲರಿಗೆ ಬದಲಿಸಿ ಕೊಟ್ಟಿದ್ದೇನೆ. ಎಲ್ಲೋ ಒಂದು ಕಾನ್‌ಸ್ಟಂಟ್‌ನ ಕೊನೆಯ ಬಿಟ್ ತಪ್ಪಿದರೆ ಎರರ್ ಬರುವುದಿಲ್ಲ, ವಾರ್ನಿಂಗ್ ಬರುವುದಿಲ್ಲ, ಸುಮ್ನೆ ಫರ್ಮ್‌ವೇರ್ ಒಳಗೆ ಹೋಗಿ ಕೂರುತ್ತದೆ. ಗೇಮ್ ಒಂದಕ್ಕೆ ಹೀಗೆ ಲಿಂಕ್ ಹಾಕಿ ಆಡುವುದಕ್ಕೆ ನನ್ನ ತಕರಾರಿಲ್ಲ. ಕಂಪೈಲರಿಗೆ ಬೇಡ. ಲಿಂಕ್ ಅಳಿಸಿದೆ.

ಎರಡನೇ ಅಡ್ಡದಾರಿ ಎಲ್‌ಡಿ_ಲೈಬ್ರರಿ_ಪಾತ್. ಲೈಬ್ರರಿಗಳನ್ನು ಈ ಫೋಲ್ಡರಿನಲ್ಲೂ ಹುಡುಕು ಅಂತ ಹೇಳುವ ವೇರಿಯಬಲ್ ಅದು. ಹಳೆಯ ಲ್ಯಾಪ್‌ಟಾಪ್‌ನಿಂದ ಲಿಬ್‌ಎಂಪಿಎಫ್‌ಆರ್.ಎಸ್‌ಒ.4 ಎತ್ತಿಕೊಂಡು ಬಂದೆ. ಕೈಗೆ ಸಿಕ್ಕಿದ್ದಕ್ಕೆ ಇರಲಿ ಅಂತ ಸಿ++ನ ಲೈಬ್ರರಿ ಲಿಬ್‌ಎಸ್‌ಟಿಡಿಸಿ++ ಸೇರಿ ಇನ್ನೂ ನಾಲ್ಕಾರು ಲೈಬ್ರರಿ ತಂದು /ಆಪ್ಟ್/ಆರ್ಮ್‌ಟೂಲ್ಸ್/ಲಿಬ್ ಒಳಗೆ ಸುರಿದೆ. ಆ ಫೋಲ್ಡರಿನ ಹೆಸರನ್ನು ಎಲ್‌ಡಿ_ಲೈಬ್ರರಿ_ಪಾತ್‌ಗೆ ಹಾಕಿ ಟರ್ಮಿನಲ್ ತೆರೆದಾಗಲೆಲ್ಲ ಓದುವ ಬ್ಯಾಶ್‌ಆರ್‌ಸಿಯಲ್ಲಿ ಬರೆದಿಟ್ಟೆ. ಕಂಪೈಲರ್ ಓಡಿತು. ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಮರುದಿನ ಬೆಳಗ್ಗೆ ಸಿಮೇಕ್ ಅನ್ನುವ ಬಿಲ್ಡ್ ಟೂಲ್ ಓಡಲಿಲ್ಲ. ಜಿಎಲ್‌ಐಬಿಸಿಎಕ್ಸ್ಎಕ್ಸ್_3.4.30 (ಲಿಬ್‌ಎಸ್‌ಟಿಡಿಸಿ++ ಒಳಗಿನ ವರ್ಷನ್ ಗುರುತು) ಸಿಗುತ್ತಿಲ್ಲ ಅಂತ ಕೂಗಿಕೊಂಡಿತು. ಆ ಕಂಪೈಲರಿಗೂ ಸಿಮೇಕ್‌ಗೂ ಏನೂ ಸಂಬಂಧವಿಲ್ಲ. ಆದರೆ ಎಲ್‌ಡಿ_ಲೈಬ್ರರಿ_ಪಾತ್ ಆ ಟರ್ಮಿನಲ್‌ನಿಂದ ಶುರುವಾಗುವ ಎಲ್ಲ ಪ್ರೋಗ್ರಾಮಿಗೂ ಅನ್ವಯಿಸುತ್ತದೆ. ಸಿಸ್ಟಂನ ಹೊಸ ಸಿಮೇಕ್‌ಗೆ ಜಿಸಿಸಿ 12ರ ಕಾಲದ ಲಿಬ್‌ಎಸ್‌ಟಿಡಿಸಿ++ ಬೇಕು. ಅದರ ಕೈಗೆ ಸಿಕ್ಕಿದ್ದು ನಾನು ತಂದು ಸುರಿದ ಜಿಸಿಸಿ 6ರ ಕಾಲದ್ದು, 3.4.22ಕ್ಕೆ ನಿಂತಿರುವಂಥದ್ದು. ಎರಡರ ಎಸ್‌ಒನೇಮ್ ಕೂಡ ಒಂದೇ, ಲಿಬ್‌ಎಸ್‌ಟಿಡಿಸಿ++.ಎಸ್‌ಒ.6. ಪ್ರೋಗ್ರಾಮ್ ಶುರುವಾಗುವಾಗ ಲೈಬ್ರರಿಗಳನ್ನು ಹುಡುಕಿ ತರುವ ಲೋಡರ್, ಮೊದಲು ಸಿಕ್ಕಿದ್ದನ್ನೇ ಎತ್ತಿಕೊಂಡಿತು. ಇರಲಿ ಅಂತ ತಂದದ್ದೇ ಇರಿಯಿತು.

ಇದರಲ್ಲಿ ಇನ್ನೂ ಎರಡು ಕಿರಿಕಿರಿ ಇವೆ. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಈ ವೇರಿಯಬಲನ್ನು ಕಿತ್ತುಹಾಕುತ್ತದೆ. ಹಾಗಾಗಿ ಮೇಕ್ ಓಡಿ, ಸುಡೋ ಮೇಕ್ ಇನ್‌ಸ್ಟಾಲ್ ಬೀಳುವ ವಿಚಿತ್ರ ಕಾಣಿಸುತ್ತದೆ. ಇನ್ನೊಂದು, ಆ ಸಾಲಿನ ಕೊನೆಯಲ್ಲಿ ಮರೆತು ಒಂದು ಕೋಲನ್ ಬಿಟ್ಟರೆ ಆ ಖಾಲಿ ಜಾಗಕ್ಕೆ ಈಗ ನಿಂತಿರುವ ಫೋಲ್ಡರ್ ಅನ್ನುವ ಅರ್ಥ ಬರುತ್ತದೆ. ಸಿಸ್ಟಂನ ಮೂಲ ಸಿ ಲೈಬ್ರರಿ ಜಿಲಿಬ್‌ಸಿ ಬಿಲ್ಡ್ ಮಾಡಲು ಹೋದವರಿಗೆ ಇದು ಗೊತ್ತಿರುತ್ತದೆ, ಅದರ ಕಾನ್ಫಿಗರ್ ಸ್ಕ್ರಿಪ್ಟ್ ಇದನ್ನು ಕಂಡ ಕೂಡಲೇ ಮುಂದೆ ಹೋಗಲು ಒಪ್ಪುವುದಿಲ್ಲ.

ಬ್ಯಾಶ್‌ಆರ್‌ಸಿಯಿಂದ ಸಾಲು ಅಳಿಸಿದೆ. ಸುರಿದದ್ದನ್ನೆಲ್ಲ ಬಾಚಿ ಎಸೆದೆ. ಮೊದಲಿನಿಂದ ಶುರು.

ಲೋಡರ್ ಎಲ್ಲೆಲ್ಲಿ ಹುಡುಕುತ್ತದೆ

ಊಹೆ ಸಾಕು, ಅದನ್ನೇ ಕೇಳೋಣ ಅಂತ ಕೂತೆ. ಎಲ್‌ಡಿ_ಡೀಬಗ್=ಲಿಬ್ಸ್ ಅಂತ ಮುಂದಿಟ್ಟು ಸಿಸಿ1 ಓಡಿಸಿದರೆ ಲೋಡರ್ ತನ್ನ ಹುಡುಕಾಟವನ್ನು ಸಾಲುಸಾಲಾಗಿ ಬರೆಯುತ್ತದೆ. ಯಾವ ಲೈಬ್ರರಿಗಾಗಿ, ಯಾವ ಫೋಲ್ಡರಿನಲ್ಲಿ, ಯಾರು ಹೇಳಿದ್ದಕ್ಕೆ ಹುಡುಕಿತು ಅನ್ನುವುದೆಲ್ಲ ಬರುತ್ತದೆ. ಈ ವೇರಿಯಬಲ್ ಇರುವುದೇ ಹಲವರಿಗೆ ಗೊತ್ತಿಲ್ಲ. ನನಗೂ ತಡವಾಗಿ ಗೊತ್ತಾದದ್ದು.

ಹುಡುಕುವ ಕ್ರಮ ಹೀಗಿದೆ. ಮೊದಲು ಬೈನರಿಯೊಳಗೆ ಬರೆದಿಟ್ಟ ಆರ್‌ಪಾತ್ ಅನ್ನುವ ಫೋಲ್ಡರ್ ಪಟ್ಟಿ ನೋಡುತ್ತದೆ. ಆದರೆ ಅದೇ ಬೈನರಿಯಲ್ಲಿ ಅದರ ಹೊಸ ರೂಪವಾದ ರನ್‌ಪಾತ್ ಇದ್ದರೆ ಆರ್‌ಪಾತನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್. ಆಮೇಲೆ ರನ್‌ಪಾತ್. ನಂತರ ಎಲ್‌ಡಿಕಾನ್ಫಿಗ್ ತಯಾರಿಸಿಟ್ಟ ಕ್ಯಾಶ್. ಕೊನೆಗೆ ಸಿಸ್ಟಂನ /ಲಿಬ್, /ಯುಎಸ್ಆರ್/ಲಿಬ್ ಥರದ ಫೋಲ್ಡರ್‌ಗಳು.

ನನ್ನ ಸಿಸಿ1 ಒಳಗೆ ಏನಿದೆ ಅಂತ ಬೈನರಿಯ ಒಳವಿವರ ತೋರಿಸುವ ರೀಡೆಲ್ಫ್ -ಡಿ ಹಾಕಿ ನೋಡಿದೆ. ನೀಡೆಡ್ ಅನ್ನುವ ಸಾಲುಗಳಲ್ಲಿ ಮೂರೂ ಲೈಬ್ರರಿಗಳ ಹೆಸರಿದ್ದವು. ಆರ್‌ಪಾತ್ ಇಲ್ಲ, ರನ್‌ಪಾತ್ ಇಲ್ಲ. 2017ರಲ್ಲಿ ಸಿಸ್ಟಂನ ಲೈಬ್ರರಿಗಳನ್ನೇ ನಂಬಿಕೊಂಡು ಬಿಲ್ಡ್ ಮಾಡಿದ್ದೆ. ಆಗ ಅದರ ಅಗತ್ಯವೇ ಬಿದ್ದಿರಲಿಲ್ಲ.

ನಡುವೆ ಒಂದು ಮಾತು. ಎಲ್‌ಡಿಡಿಗಿಂತ ರೀಡೆಲ್ಫ್ ನನಗೆ ಜಾಸ್ತಿ ಇಷ್ಟ. ಎಲ್‌ಡಿಡಿ ಕೇಳಿದಾಗ ಲೋಡರ್ ನಿಜವಾಗಿಯೂ ಓಡುತ್ತದೆ. ಕೆಲವು ಸಂದರ್ಭಗಳಲ್ಲಿ ಆ ಪ್ರೋಗ್ರಾಮಿನ ಕೋಡೇ ಓಡಿಬಿಡಬಹುದು. ಎಲ್ಲಿಂದ ಬಂತೋ ಗೊತ್ತಿಲ್ಲದ ಬೈನರಿ ಮೇಲೆ ಅದನ್ನು ಪ್ರಯೋಗಿಸಬಾರದು. ರೀಡೆಲ್ಫ್ ಬರೀ ಫೈಲ್ ಓದುತ್ತದೆ, ಅಷ್ಟೇ.

ದಾರಿ ಸ್ಪಷ್ಟವಾಯಿತು. ಎಂಪಿಎಫ್‌ಆರ್ 3.1.6 ಸೋರ್ಸ್ ತಂದು ಬಿಲ್ಡ್ ಮಾಡಿ ಆರ್ಮ್‌ಟೂಲ್ಸ್ ಒಳಗೇ ಇಡುವುದು. ಸಿಸಿ1ಗೆ ಮಾತ್ರ ಆ ಜಾಗ ತೋರಿಸುವುದು. ಬೇರೆ ಯಾವ ಪ್ರೋಗ್ರಾಮಿಗೂ ಅದರ ಸುಳಿವು ಸಿಗಬಾರದು.

ಒಂದೇ ಮನೆಯಲ್ಲಿ ಎರಡು ಎಂಪಿಎಫ್‌ಆರ್

ಎಂಪಿಎಫ್‌ಆರ್ ಬಿಲ್ಡ್ ಸುಲಭ. ಸಿಸ್ಟಂನ ಜಿಎಂಪಿ ಬಳಸಿಕೊಂಡೆ, ಅದರ ಎಸ್‌ಒನೇಮ್ ಅಂದೂ 10, ಇಂದೂ 10. ಮೇಕ್ ಚೆಕ್ ಕೊಟ್ಟೆ, ಎಲ್ಲ ಪಾಸ್. ಈ ಮೇಕ್ ಚೆಕ್ ತಪ್ಪಿಸಬೇಡಿ. ಅದರಲ್ಲಿ ವರ್ಷನ್ ನೋಡುವ ಒಂದು ಟೆಸ್ಟ್ ಇದೆ. ಹೆಡರ್ ಫೈಲ್ ಒಂದು ಜಿಎಂಪಿಯದು, ಓಡುತ್ತಿರುವ ಲೈಬ್ರರಿ ಇನ್ನೊಂದು ಜಿಎಂಪಿಯದು ಅಂತ ಬೆರಕೆ ಆಗಿದ್ದರೆ ಅಲ್ಲೇ ಬಯಲಾಗುತ್ತದೆ.

ಈಗ ಸಿಸಿ1ಗೆ ದಾರಿ ತೋರಿಸಬೇಕು. ಅದಕ್ಕೆ ಪ್ಯಾಚೆಲ್ಫ್ ಅನ್ನುವ ಟೂಲ್ ಇದೆ. ಬಿಲ್ಡ್ ಆಗಿಹೋದ ಬೈನರಿಯ ಒಳಗಿನ ರನ್‌ಪಾತ್ ಬದಲಿಸುತ್ತದೆ. ಮೊದಲು ಸಿಸಿ1ನ ಒಂದು ಕಾಪಿ ಪಕ್ಕಕ್ಕೆ ಎತ್ತಿಟ್ಟೆ. ಆಮೇಲೆ:

ಪ್ಯಾಚೆಲ್ಫ್ --ಸೆಟ್-ಆರ್‌ಪಾತ್ '$ಒರಿಜಿನ್/../../../../ಲಿಬ್' ಸಿಸಿ1

$ಒರಿಜಿನ್ ಅಂದರೆ ಬೈನರಿ ಇರುವ ಫೋಲ್ಡರ್. ಅದನ್ನು ಲೋಡರ್ ಓಡುವ ಹೊತ್ತಿಗೆ ತುಂಬಿಕೊಳ್ಳುತ್ತದೆ. ಸಿಸಿ1 ಇರುವುದು ಲಿಬ್‌ಎಕ್ಸೆಕ್ ಒಳಗೆ, ಜಿಸಿಸಿ ಒಳಗೆ, ಟಾರ್ಗೆಟ್ ಹೆಸರಿನ ಒಳಗೆ, ವರ್ಷನ್ ಹೆಸರಿನ ಒಳಗೆ. ಅಲ್ಲಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಆರ್ಮ್‌ಟೂಲ್ಸ್, ಅದರ ಕೆಳಗೆ ಲಿಬ್. ಪೂರ್ತಿ ಪಾತ್ ಬರೆಯಬಹುದಿತ್ತು. ಆದರೆ ನಾಳೆ ಫೋಲ್ಡರ್ ಬೇರೆ ಕಡೆ ಹೋದರೆ ಮತ್ತೆ ಇದೇ ಪಾಡು.

ಒಂಟಿ ಕೋಟ್ ಮುಖ್ಯ. ಮೊದಲ ಸಲ ನಾನು ಜೋಡಿ ಕೋಟ್ ಹಾಕಿದ್ದೆ. ಶೆಲ್ ಅದನ್ನು ತನ್ನ ವೇರಿಯಬಲ್ ಅಂದುಕೊಂಡು ಖಾಲಿ ಮಾಡಿತು. ಉಳಿದದ್ದು /../../../../ಲಿಬ್. ರೂಟ್‌ನಿಂದ ಮೇಲೆ ಹತ್ತಲು ಏನೂ ಇಲ್ಲದ ಕಾರಣ ಅದು ಸಿಸ್ಟಂನ /ಲಿಬ್ ಆಗಿ ಕೂತಿತು. ಎರರ್ ಅದೇ, ಕಾರಣ ಬೇರೆ. ರೀಡೆಲ್ಫ್ ನೋಡುವವರೆಗೂ ತಲೆ ಕೆರೆದುಕೊಂಡೆ. ಮೇಕ್‌ಫೈಲಿನಲ್ಲಿ ಬರೆಯುವವರು ಡಾಲರ್ ಚಿಹ್ನೆಯನ್ನು ಎರಡು ಸಲ ಹಾಕಬೇಕು, ಜೊತೆಗೆ ಒಂಟಿ ಕೋಟ್ ಕೂಡ.

ಸರಿಮಾಡಿ ಎಲ್‌ಡಿಡಿ ನೋಡಿದೆ. ಎಲ್ಲ ಸಿಕ್ಕಿವೆ. ಕಂಪೈಲ್ ಆಗುತ್ತಿದೆ. ಆದರೆ ಪಟ್ಟಿಯಲ್ಲಿ ಏನೋ ಜಾಸ್ತಿ ಇದ್ದ ಹಾಗಿತ್ತು. ಮತ್ತೊಮ್ಮೆ ಓದಿದೆ.

ಲಿಬ್‌ಎಂಪಿಎಫ್‌ಆರ್.ಎಸ್‌ಒ.4 ಇದೆ. ಅದರ ಕೆಳಗೆ ಲಿಬ್‌ಎಂಪಿಎಫ್‌ಆರ್.ಎಸ್‌ಒ.6 ಕೂಡ ಇದೆ!

6 ಎಲ್ಲಿಂದ ಬಂತು? ಎಂಪಿಸಿಯಿಂದ. ಎಂಪಿಸಿಯ ಎಸ್‌ಒನೇಮ್ ಹಳೆಯದರಲ್ಲೂ 3, ಹೊಸದರಲ್ಲೂ 3. ಅದಕ್ಕೇ ಸಿಸ್ಟಂನ ಹೊಸ ಎಂಪಿಸಿ ಮೊದಲ ದಿನವೇ ಸಲೀಸಾಗಿ ಸಿಕ್ಕಿತ್ತು. ಆದರೆ ಆ ಎಂಪಿಸಿ ಬಿಲ್ಡ್ ಆಗಿರುವುದು ಎಂಪಿಎಫ್‌ಆರ್ ವರ್ಷನ್ 4ರ ಜೊತೆ, ಅಂದರೆ ಎಸ್‌ಒ.6ರ ಜೊತೆ. ಅದು ತನ್ನ ಬೆನ್ನಿಗೆ 6ನ್ನು ಕಟ್ಟಿಕೊಂಡು ಬಂತು. ಈಗ ಒಂದೇ ಪ್ರೋಸೆಸ್ ಒಳಗೆ ಎರಡು ಎಂಪಿಎಫ್‌ಆರ್. ಎರಡರಲ್ಲೂ ಅದೇ ಹೆಸರಿನ ಫಂಕ್ಷನ್‌ಗಳು. ಈ ಲೈಬ್ರರಿಯ ಸಿಂಬಲ್‌ಗಳಿಗೆ, ಅಂದರೆ ಆ ಹೆಸರುಗಳಿಗೆ, ವರ್ಷನ್ ಗುರುತು ಇಲ್ಲ. ಲೋಡರ್‌ನ ನಿಯಮ ಸರಳ: ಹೆಸರು ಮೊದಲು ಎಲ್ಲಿ ಸಿಕ್ಕಿತೋ ಅದೇ ಎಲ್ಲರಿಗೂ. ಸಿಸಿ1 ನೇರವಾಗಿ ಕೇಳಿದ 4 ಮೊದಲು ಲೋಡ್ ಆಗುತ್ತದೆ. ಹಾಗಾಗಿ 6ರ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡ ಎಂಪಿಸಿ, ನಿಜವಾಗಿ 4ರ ಫಂಕ್ಷನ್‌ಗಳನ್ನು ಕರೆಯುತ್ತಿರುತ್ತದೆ.

ಅಂದರೆ ಸಿಂಬಾಲಿಕ್ ಲಿಂಕ್ ಹಾಕಿ ನಾನು ಯಾವುದಕ್ಕೆ ಹೆದರಿ ಹಿಂದೆ ಸರಿದಿದ್ದೆನೋ ಅದೇ ಬೇರೆ ಬಾಗಿಲಿನಿಂದ ಒಳಗೆ ಬಂದಿತ್ತು. ಈ ಸಲವೂ ಒಂದು ಎರರ್ ಇಲ್ಲ. ಎಲ್‌ಡಿಡಿ ಪಟ್ಟಿಯಲ್ಲಿ ನಾಟ್ ಫೌಂಡ್ ಇದೆಯಾ ಅಂತ ಮಾತ್ರ ಹುಡುಕಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ನಾನು ಒಂದೇ ಹೆಸರು ಎರಡು ನಂಬರಿನಲ್ಲಿ ಬಂದಿದೆಯಾ ಅಂತಲೂ ನೋಡುತ್ತೇನೆ.

ಪರಿಹಾರ ಒಂದೇ. ಅರ್ಧ ಕುಟುಂಬ ಇಲ್ಲಿ, ಅರ್ಧ ಅಲ್ಲಿ ಆಗುವುದಿಲ್ಲ. ಜಿಎಂಪಿ 6.1.2, ಎಂಪಿಎಫ್‌ಆರ್ 3.1.6, ಎಂಪಿಸಿ 1.0.3 ಮೂರನ್ನೂ ಅದೇ ಕ್ರಮದಲ್ಲಿ ಬಿಲ್ಡ್ ಮಾಡಿದೆ. ಎಂಪಿಎಫ್‌ಆರ್‌ಗೆ ನನ್ನ ಜಿಎಂಪಿ ತೋರಿಸಿದೆ, ಎಂಪಿಸಿಗೆ ನನ್ನ ಎರಡನ್ನೂ ತೋರಿಸಿದೆ. ಈಗ ಎಲ್‌ಡಿಡಿ ಪಟ್ಟಿಯಲ್ಲಿ ಒಂದೇ ಎಂಪಿಎಫ್‌ಆರ್.

ಎಂಪಿಸಿ ಫೈಲನ್ನು ರೀಡೆಲ್ಫ್‌ನಲ್ಲಿ ನೋಡಿದರೆ ಬಿಲ್ಡ್‌ಗೆ ನೆರವಾಗುವ ಲಿಬ್‌ಟೂಲ್ ತಾನಾಗಿಯೇ ಅದರಲ್ಲಿ /ಆಪ್ಟ್/ಆರ್ಮ್‌ಟೂಲ್ಸ್/ಲಿಬ್ ಅಂತ ಪೂರ್ತಿ ಪಾತ್ ಬರೆದಿತ್ತು. ಎಂಪಿಎಫ್‌ಆರ್‌ನಲ್ಲೂ ಹಾಗೇ. ಎರಡಕ್ಕೂ ಪ್ಯಾಚೆಲ್ಫ್ ಹಾಕಿ ಬರೀ '$ಒರಿಜಿನ್' ಅಂತ ಮಾಡಿದೆ. ಪಕ್ಕದಲ್ಲಿರುವವನನ್ನು ಪಕ್ಕದಲ್ಲೇ ಹುಡುಕು, ಅಷ್ಟೇ.

ಕಂಪೈಲರ್ ಒಂದಲ್ಲ, ಮೂರು

ಸಿ ಫೈಲ್‌ಗಳೆಲ್ಲ ಕಂಪೈಲ್ ಆದವು. ಮೊದಲ ಸಿ++ ಫೈಲ್ ಬಂದಾಗ ಹಾಡಿದ್ದೇ ಹಾಡು: ಲಿಬ್‌ಎಂಪಿಎಫ್‌ಆರ್.ಎಸ್‌ಒ.4 ಇಲ್ಲ. ಸಿ++ಗೆ ಸಿಸಿ1ಪ್ಲಸ್ ಅನ್ನುವ ಬೇರೆ ಪ್ರೋಗ್ರಾಮ್, ಅದಕ್ಕೆ ಪ್ಯಾಚ್ ಹಾಕಿರಲಿಲ್ಲ. ಹಾಕಿದೆ. ಎಲ್ಲ ಫೈಲ್ ಮುಗಿದು ಲಿಂಕ್ ಮಾಡುವ ಹಂತಕ್ಕೆ ಬಂದಾಗ ಮತ್ತೆ ಬಿತ್ತು. ಈ ಫರ್ಮ್‌ವೇರ್ ಎಲ್‌ಟಿಒ, ಅಂದರೆ ಲಿಂಕ್ ಮಾಡುವಾಗ ಆಪ್ಟಿಮೈಸ್ ಮಾಡುವ ವಿಧಾನ, ಬಳಸುತ್ತದೆ. ಅದರಲ್ಲಿ ಅಸಲಿ ಕೆಲಸ ಲಿಂಕ್ ಹೊತ್ತಿಗೆ ಎಲ್‌ಟಿಒ1 ಅನ್ನುವ ಮೂರನೆಯವನ ಕೈಯಲ್ಲಿ.

ಒಂದೊಂದಾಗಿ ಬೀಳಲು ಬಿಡುವುದಕ್ಕಿಂತ ಫೋಲ್ಡರಿನ ಎಲ್ಲ ಬೈನರಿಗಳ ಮೇಲೆ ಒಂದು ಸಣ್ಣ ಲೂಪ್ ಓಡಿಸಿದೆ. ಪ್ರತಿ ಫೈಲಿಗೂ ಎಲ್‌ಡಿಡಿ, ನಾಟ್ ಫೌಂಡ್ ಇದ್ದರೆ ಹೆಸರು ಬರೆ. ಆರ್ಮ್‌ಗಾಗಿ ಇರುವ ಫೈಲ್‌ಗಳಿಗೆ ಎಲ್‌ಡಿಡಿ ಇದು ಡೈನಾಮಿಕ್ ಪ್ರೋಗ್ರಾಮೇ ಅಲ್ಲ ಅನ್ನುತ್ತದೆ, ಅದನ್ನು ಬಿಟ್ಟುಬಿಡಬಹುದು. ಸಿಕ್ಕಿದ್ದು ಇನ್ನೊಂದೇ: ಜಿಡಿಬಿ, ಅದಕ್ಕೆ ಲಿಬ್‌ಟಿನ್ಫೋ.ಎಸ್‌ಒ.5 ಬೇಕಂತೆ. ಡೀಬಗರ್ ಹಳೆಯದೇ ಆಗಬೇಕು ಅಂತೇನಿಲ್ಲವಲ್ಲ. ಅದನ್ನು ಅಳಿಸಿ, ಸಿಸ್ಟಂನ ಜಿಡಿಬಿ-ಮಲ್ಟಿಆರ್ಕ್ ಹಾಕಿಕೊಂಡೆ. ಎಲ್ಲವನ್ನೂ ಉಳಿಸಿಕೊಳ್ಳುವ ಹಠ ನನಗಿಲ್ಲ.

ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಮೂರನ್ನೂ ಜಿಸಿಸಿಯ ಸೋರ್ಸ್ ಫೋಲ್ಡರಿನೊಳಗೇ ಇಟ್ಟು ಬಿಲ್ಡ್ ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆಗ ಅವು ಸ್ಟಾಟಿಕ್ ಆಗಿ ಸಿಸಿ1 ಒಳಗೇ ಸೇರಿಕೊಳ್ಳುತ್ತವೆ. ಜಿಸಿಸಿ ಸೋರ್ಸ್ ಜೊತೆ ಬರುವ ಡೌನ್‌ಲೋಡ್_ಪ್ರೀರಿಕ್ವಿಸಿಟ್ಸ್ ಸ್ಕ್ರಿಪ್ಟ್ ಇರುವುದೇ ಅದಕ್ಕೆ. ಹೊಸದಾಗಿ ಜಿಸಿಸಿ ಬಿಲ್ಡ್ ಮಾಡುವವರಿಗೆ ನಾನು ಹೇಳುವುದು ಅದನ್ನೇ. ಇನ್ನೊಂದು ಬಿಲ್ಡ್‌ನಲ್ಲಿ ಇವನ್ನು ಬೇರೆ ಫೋಲ್ಡರಿನಲ್ಲಿಟ್ಟು ಒದ್ದಾಡಿದ್ದೇನೆ. ಆಗ ಬಂದ ಎರರ್ ಏನು ಗೊತ್ತಾ? ಆಬ್ಜೆಕ್ಟ್ ಫೈಲ್‌ಗಳ ಸಫಿಕ್ಸ್ ಏನೆಂದು ಕಂಡುಹಿಡಿಯಲಾಗುತ್ತಿಲ್ಲ ಅಂತ! ಸಫಿಕ್ಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಆಗಷ್ಟೇ ಬಿಲ್ಡ್ ಆದ ಕಂಪೈಲರಿಗೆ ಎಂಪಿಸಿ ಸಿಗದೆ ಬಿದ್ದಿತ್ತು. ಕಾನ್ಫಿಗರ್ ಪಾಪ, ತಾನು ಆ ಕ್ಷಣಕ್ಕೆ ಏನು ಮಾಡುತ್ತಿತ್ತೋ ಅದನ್ನು ಹೇಳಿತು. ನಿಜವಾದ ಎರರ್ ಕಾನ್ಫಿಗ್.ಲಾಗ್ ಒಳಗೆ ತಣ್ಣಗೆ ಕೂತಿತ್ತು.

ನಾವೇ ಬರೆದ ಟೂಲ್‌ನ ಸರದಿ

ಈ ಪ್ರಾಜೆಕ್ಟ್‌ನಲ್ಲಿ ಟೇಬಲ್‌ಗಳನ್ನು ತಯಾರಿಸುವ ಒಂದು ಸಣ್ಣ ಪ್ರೋಗ್ರಾಮ್ ಇದೆ. ಮೆಷಿನ್ ಮೇಲೆ ಓಡಿ, ಫರ್ಮ್‌ವೇರಿಗೆ ಬೇಕಾದ ಸಿ ಫೈಲ್ ಬರೆದುಕೊಡುತ್ತದೆ. ಇದನ್ನು ಸಿಮೇಕ್‌ನಲ್ಲಿ ಹೊಸದಾಗಿ ಬಿಲ್ಡ್ ಮಾಡಿದೆ. ಬಿಲ್ಡ್ ಫೋಲ್ಡರಿನಲ್ಲಿ ಓಡಿತು, ಇನ್‌ಸ್ಟಾಲ್ ಮಾಡಿದ ಮೇಲೆ ಓಡಲಿಲ್ಲ.

ಇದು ಸಿಮೇಕ್‌ನ ಹಳೆಯ ಸ್ವಭಾವ. ಬಿಲ್ಡ್ ಮಾಡುವಾಗ ಬೈನರಿಗೆ ಬಿಲ್ಡ್ ಫೋಲ್ಡರಿನ ಪಾತ್ ಬರೆಯುತ್ತದೆ. ಇನ್‌ಸ್ಟಾಲ್ ಮಾಡುವಾಗ ಅದನ್ನು ಅಳಿಸುತ್ತದೆ. ಅಳಿಸಿದೆ ಅಂತ ಒಂದು ಸಾಲು ಹೇಳುತ್ತದೆ ಕೂಡ, ನಾವು ಓದುವುದಿಲ್ಲ. ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್‌ಗೆ $ಒರಿಜಿನ್/../ಲಿಬ್ ಕೊಟ್ಟೆ. ಆದರೂ ಬಿತ್ತು. ಈ ಸಲ ಬೇರೆ ಲೈಬ್ರರಿ ಹೆಸರಿನಲ್ಲಿ.

ನಮ್ಮ ಟೂಲ್ ಪಾರ್ಸರ್ ಲೈಬ್ರರಿಯನ್ನು ಕೇಳುತ್ತದೆ. ಪಾರ್ಸರ್ ಇನ್ನೊಂದು ಯುಟಿಲಿಟಿ ಲೈಬ್ರರಿಯನ್ನು ಕೇಳುತ್ತದೆ. ಎರಡೂ ಒಂದೇ ಫೋಲ್ಡರಿನಲ್ಲಿವೆ. ಪಾರ್ಸರ್ ಸಿಕ್ಕಿದೆ, ಪಕ್ಕದಲ್ಲೇ ಇರುವ ಯುಟಿಲಿಟಿ ಸಿಗುತ್ತಿಲ್ಲ! ರನ್‌ಪಾತ್‌ಗೂ ಆರ್‌ಪಾತ್‌ಗೂ ಇರುವ ಅಸಲಿ ವ್ಯತ್ಯಾಸ ಇದು. ಪ್ರೋಗ್ರಾಮಿನಲ್ಲಿ ಬರೆದ ಆರ್‌ಪಾತ್ ಅದರ ಮಕ್ಕಳಿಗೂ ಮೊಮ್ಮಕ್ಕಳಿಗೂ ನಡೆಯುತ್ತದೆ. ರನ್‌ಪಾತ್ ಮಕ್ಕಳಿಗೆ ಮಾತ್ರ. ಮೊಮ್ಮಕ್ಕಳನ್ನು ಹುಡುಕಬೇಕಾದರೆ ಮಕ್ಕಳ ಬಳಿ ತಮ್ಮದೇ ರನ್‌ಪಾತ್ ಇರಬೇಕು. ಇವತ್ತು ಹೆಚ್ಚಿನ ಸಿಸ್ಟಂಗಳಲ್ಲಿ ಲಿಂಕರ್ ಬರೆಯುವುದು ರನ್‌ಪಾತ್. ಆಪ್ಷನ್‌ನ ಹೆಸರು ಮಾತ್ರ ಇನ್ನೂ ಆರ್‌ಪಾತ್. ಗೊಂದಲ ಆಗದೇ ಇನ್ನೇನಾಗುತ್ತದೆ?

ಸಿಸಿ1ಗೆ ಈ ತೊಂದರೆ ಯಾಕೆ ಬರಲಿಲ್ಲ ಅಂತ ಒಂದು ಕ್ಷಣ ಯೋಚಿಸಿದೆ. ಅದು ಮೂರೂ ಲೈಬ್ರರಿಗಳನ್ನು ನೇರವಾಗಿ ಕೇಳುತ್ತದೆ. ಎಂಪಿಸಿಯ ಸರದಿ ಬಂದು ಅದು ಎಂಪಿಎಫ್‌ಆರ್ ಕೇಳುವ ಹೊತ್ತಿಗೆ ಎಂಪಿಎಫ್‌ಆರ್ ಆಗಲೇ ಲೋಡ್ ಆಗಿರುತ್ತದೆ.

ಡಿಸೇಬಲ್-ನ್ಯೂ-ಡಿಟ್ಯಾಗ್ಸ್ ಅನ್ನುವ ಲಿಂಕರ್ ಆಪ್ಷನ್ ಕೊಟ್ಟು ಹಳೆಯ ಆರ್‌ಪಾತ್‌ಗೇ ಮರಳಬಹುದಿತ್ತು. ನಾನು ಲೈಬ್ರರಿಗಳಿಗೇ $ಒರಿಜಿನ್ ಬರೆದೆ. ಪ್ರತಿಯೊಬ್ಬನೂ ತನ್ನ ಅಕ್ಕಪಕ್ಕದವರ ವಿಳಾಸ ತಾನೇ ಇಟ್ಟುಕೊಳ್ಳಲಿ.

ಹಳೆಯ ಲ್ಯಾಪ್‌ಟಾಪ್‌ನಲ್ಲೂ ಅದೇ ಟೇಬಲ್ ಬರುತ್ತದಾ ನೋಡೋಣ ಅಂತ ಹೊಸ ಬೈನರಿಯನ್ನು ಅಲ್ಲಿಗೆ ಒಯ್ದೆ. ಅದು ಜಿಎಲ್‌ಐಬಿಸಿ_2.34 ಇಲ್ಲ ಅಂತ ಬಾಗಿಲಲ್ಲೇ ತಡೆಯಿತು. 2021ರಲ್ಲಿ ಬಂದ ಜಿಲಿಬ್‌ಸಿ 2.34ರಲ್ಲಿ ಪ್ರೋಗ್ರಾಮ್ ಶುರುಮಾಡುವ ಫಂಕ್ಷನ್‌ಗೇ ಹೊಸ ವರ್ಷನ್ ಗುರುತು ಬಂತು. ಹಾಗಾಗಿ ಅದರ ಮೇಲೆ ಬಿಲ್ಡ್ ಆದ ಎರಡು ಸಾಲಿನ ಪ್ರೋಗ್ರಾಮ್ ಕೂಡ ಹಿಂದಿನ ಸಿಸ್ಟಂನಲ್ಲಿ ಓಡುವುದಿಲ್ಲ. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ನಡೆಯುತ್ತದೆ, ತಿರುಗಿಸಿದರೆ ಇಲ್ಲ. ಸರಿ, ಅಲ್ಲೇ ಬಿಲ್ಡ್ ಮಾಡಿ ನೋಡಿದೆ. ಟೇಬಲ್ ಒಂದೇ.

ಅದೇ ಬೈನರಿ ಬರುತ್ತದಾ?

ಈಗ ಪರೀಕ್ಷೆ. ಹಳೆಯ ಸೋರ್ಸನ್ನು ಒಂದಕ್ಷರ ಬದಲಿಸದೆ ಹೊಸ ಮೆಷಿನ್‌ನಲ್ಲಿ ಕಂಪೈಲ್ ಮಾಡಿದರೆ, 2019ರ ಮಾರ್ಚ್ 4ರಂದು ಕಟ್ಟಿಟ್ಟ ಬಿನ್ ಫೈಲೇ ಮತ್ತೆ ಬರಬೇಕು. ಎರಡರ ಶಾ256, ಅಂದರೆ ಫೈಲಿನ ಬೆರಳಚ್ಚು, ನೋಡಿದೆ. ಬೇರೆ.

ಎರಡು ಫೈಲ್‌ಗಳನ್ನು ಬೈಟ್ ಬೈಟ್ ಹೋಲಿಸಿದೆ. ವ್ಯತ್ಯಾಸ ಇದ್ದದ್ದು ಒಂದೇ ಜಾಗದಲ್ಲಿ, ಅಲ್ಲಿದ್ದದ್ದು ತಾರೀಖು ಮತ್ತು ಗಂಟೆ. ಕೋಡಿನಲ್ಲಿ ಕಂಪೈಲ್ ಮಾಡಿದ ಹೊತ್ತನ್ನು ತುಂಬುವ ಡೇಟ್ ಮತ್ತು ಟೈಮ್ ಮ್ಯಾಕ್ರೋಗಳಿದ್ದವು. ಸೋರ್ಸ್_ಡೇಟ್_ಇಪಾಕ್ ಅನ್ನುವ ವೇರಿಯಬಲ್‌ನಲ್ಲಿ ತಾರೀಖು ಇಟ್ಟರೆ ಜಿಸಿಸಿ ಆ ತಾರೀಖನ್ನೇ ಬರೆಯುತ್ತದೆ, ಆದರೆ ಅದು ಬಂದದ್ದು ಜಿಸಿಸಿ 7ರಲ್ಲಿ. ನನ್ನದು 6.3. ಕೊನೆಗೆ ಆ ಎರಡೂ ಮ್ಯಾಕ್ರೋಗಳನ್ನು ಕಮಾಂಡ್ ಲೈನಿನಿಂದಲೇ ಹಳೆಯ ಬೆಲೆಗೆ ಕಟ್ಟಿಹಾಕಿದೆ. ಇನ್ನೂ ಬೇರೆ! ಈ ಸಲ ಫೈಲಿನ ಉದ್ದವೂ ಬೇರೆ. ಅರ್ಧ ಗಂಟೆ ಆದಮೇಲೆ ಕಣ್ಣಿಗೆ ಬಿತ್ತು. ತಾರೀಖು ಒಂದೇ ಅಂಕಿಯದಾದರೆ ಆ ಮ್ಯಾಕ್ರೋ ಅದರ ಮುಂದೆ ಒಂದು ಸ್ಪೇಸ್ ಜಾಸ್ತಿ ಹಾಕುತ್ತದೆ. ಮಾರ್ಚ್ ಆದಮೇಲೆ ಎರಡು ಸ್ಪೇಸ್, ಆಮೇಲೆ 4. ನಾನು ಒಂದೇ ಸ್ಪೇಸ್ ಕೊಟ್ಟಿದ್ದೆ.

ಸರಿಮಾಡಿದೆ. ಶಾ256 ಅಕ್ಷರ ಅಕ್ಷರ ಹೊಂದಿತು.

ಕುತೂಹಲಕ್ಕೆ ಆ ಹಳೆಯ ಸಿಂಬಾಲಿಕ್ ಲಿಂಕ್ ಇನ್ನೊಂದು ಕಾಪಿಯಲ್ಲಿ ಹಾಕಿ ಬಿಲ್ಡ್ ಮಾಡಿದೆ. ಅದರಲ್ಲೂ ಅದೇ ಶಾ256 ಬಂತು. ನಿಜ ಹೇಳಬೇಕಲ್ಲ. ಈ ಫರ್ಮ್‌ವೇರಿನಲ್ಲಿ ದಶಮಾಂಶದ ಕಾನ್‌ಸ್ಟಂಟ್‌ಗಳು ಬೆರಳೆಣಿಕೆಯಷ್ಟು. ಮುಂದಿನ ಪ್ರಾಜೆಕ್ಟ್‌ನಲ್ಲಿ ಎಷ್ಟಿರುತ್ತವೋ. ಆ ಕಾಪಿ ಅಳಿಸಿದೆ.

ಇನ್ನೊಂದು ಮೆಷಿನ್

ಫೋಲ್ಡರನ್ನು ಟಾರ್ ಮಾಡಿ ಇನ್ನೊಂದು ಹಳೆಯ ಪಿಸಿಯಲ್ಲಿ ಬೇಕಂತಲೇ ಬೇರೆ ಪಾತ್‌ನಲ್ಲಿ ಬಿಚ್ಚಿದೆ. ಲೈಬ್ರರಿಗಳೆಲ್ಲ ಸಿಕ್ಕವು. ಆದರೆ ಸಿಸಿ1 ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಸತ್ತಿತು. ತಪ್ಪು ಜಿಎಂಪಿಯದಲ್ಲ, ನನ್ನದು. ಜಿಎಂಪಿಯ ಕಾನ್ಫಿಗರ್ ತಾನು ಓಡುತ್ತಿರುವ ಸಿಪಿಯು ಯಾವುದೆಂದು ನೋಡಿ ಅದಕ್ಕೇ ಹೊಲಿದ ಅಸೆಂಬ್ಲಿ ಕೋಡ್ ಆರಿಸಿಕೊಳ್ಳುತ್ತದೆ. ಹೊಸ ಮೆಷಿನ್‌ಗೆ ಹೊಲಿದ ಅಂಗಿ ಹಳೆಯ ಪಿಸಿಗೆ ಹಿಡಿಸಲಿಲ್ಲ. ಎನೇಬಲ್-ಫ್ಯಾಟ್ ಆಪ್ಷನ್ ಕೊಟ್ಟು ಮತ್ತೆ ಬಿಲ್ಡ್ ಮಾಡಿದರೆ ಎಲ್ಲ ಸಿಪಿಯುಗಳ ಕೋಡನ್ನೂ ಇಟ್ಟುಕೊಂಡು ಓಡುವಾಗ ಆರಿಸುತ್ತದೆ. ಅದನ್ನೇ ಮಾಡಿದೆ. ಲಿಬ್‌ಜಿಎಂಪಿ ಒಂದನ್ನು ಬದಲಿಸಿದರೆ ಸಾಕಾಯಿತು, ಉಳಿದವನ್ನು ಮುಟ್ಟಲಿಲ್ಲ. ಶೇರ್ಡ್ ಲೈಬ್ರರಿಯಿಂದ ಈ ಮೂರು ದಿನದಲ್ಲಿ ಆದ ಒಂದೇ ಉಪಕಾರ ಅದು.

ಅಲ್ಲೂ ಬಿಲ್ಡ್ ಆಯಿತು, ಶಾ256 ಹೊಂದಿತು. ಬೋರ್ಡಿಗೆ ಹಾಕೋಣ ಅಂತ ಫ್ಲ್ಯಾಶ್ ಮಾಡುವ ಟೂಲ್ ಓಡಿಸಿದೆ. ನೋ ಸಚ್ ಫೈಲ್ ಅಂತು. ಎಲ್‌ಎಸ್ ಕೊಟ್ಟರೆ ಫೈಲ್ ಕಣ್ಣೆದುರಿಗೇ ಇದೆ. ಫೈಲ್ ಕಮಾಂಡ್ ಕೊಟ್ಟೆ: 32 ಬಿಟ್ ಬೈನರಿ. ಇಲ್ಲದಿದ್ದದ್ದು ಆ ಟೂಲ್ ಅಲ್ಲ, ಅದನ್ನು ಎಬ್ಬಿಸಬೇಕಾದ 32 ಬಿಟ್ ಲೋಡರ್, /ಲಿಬ್/ಎಲ್‌ಡಿ-ಲಿನಕ್ಸ್.ಎಸ್‌ಒ.2. ಈ ಸಲ ಹುಡುಕುವವನೇ ಕಾಣೆ. 32 ಬಿಟ್ ಜಿಲಿಬ್‌ಸಿ ಪ್ಯಾಕೇಜ್ ಹಾಕಿಸಿ ಮತ್ತೆ ಓಡಿಸಿದೆ. ಲೋಡರ್ ಎದ್ದಿತು. ಎದ್ದ ಕೂಡಲೇ ಲಿಬ್‌ಯುಎಸ್‌ಬಿ ಎಲ್ಲಿ ಅಂತ ಕೇಳಿತು.